ಬೆಟ್ಟದ ಚಿತ್ರಕ್ಕೆ ಬೆಟ್ಟದ್ದೇ ಬಣ್ಣ

ಚಿತ್ರಪ್ರದರ್ಶನಕ್ಕೆ ಹೋದರೆ ಬಾಗಿಲಲ್ಲೇ ಒಂದು ಕಾಗದ ಕೊಡುತ್ತಾರೆ. ಕಲಾವಿದರ ಹೆಸರು, ಓದಿದ ಕಾಲೇಜು, ಆಮೇಲೆ ಖಾಯಂ ಆಗಿ ಒಂದು ಸಾಲು: 'ಪ್ರಕೃತಿ ಮತ್ತು ಮನುಷ್ಯನ ಅನುಭವವೇ ಇವರ ಕಲೆಗೆ ಸ್ಫೂರ್ತಿ.' ನನ್ನ ಬಗ್ಗೆಯೂ ಹಾಗೇ ಅಚ್ಚಾಗಿದೆ. ಒಂದೆರಡು ಸಲ ನಾನೇ ಬರೆದುಕೊಟ್ಟಿದ್ದೇನೆ. ಬೇರೆ ಏನೂ ಹೊಳೆಯದಾಗ ಬರೆಯುವ ಸಾಲು ಅದು. ಓದಿಕೊಂಡು ಒಳಗೆ ಹೋದರೆ ಗೋಡೆ ಮೇಲೆ ಕೆಂಪು, ಕಂದು, ಬೂದಿ ಬಣ್ಣದ ಪಟ್ಟೆಗಳು. ಬೆಟ್ಟವೂ ಕಾಣಲ್ಲ, ಮನುಷ್ಯನೂ ಕಾಣಲ್ಲ.

'ಇದ್ರಲ್ಲಿ ಪ್ರಕೃತಿ ಎಲ್ಲೈತೆ ಸಾರ್?' ಅಂತ ತುಮಕೂರಿನಲ್ಲಿ ಒಬ್ಬರು ಕೇಳಿಯೇಬಿಟ್ಟರು. ನಾನು ಏನೇನೋ ಹೇಳಿದೆ. ಅವರು ಪಾಪ, ತಲೆಯಾಡಿಸಿ ಹೋದರು. ಅವತ್ತು ಸರಿಯಾಗಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಹೇಳೋಕೆ ನೋಡುತ್ತೇನೆ. ಸ್ಫೂರ್ತಿ ಅನ್ನೋ ಮಾತನ್ನು ಪಕ್ಕಕ್ಕಿಟ್ಟು, ಕೆಲಸ ಹೇಗೆ ನಡೆಯುತ್ತದೆ ಅನ್ನೋದನ್ನಷ್ಟೇ.

ನಾನಿರುವುದು ಮಧುಗಿರಿಯಲ್ಲಿ. ಹಗಲು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಉಳಿದ ಹೊತ್ತು ಚಿತ್ರ. ಇಲ್ಲಿ ಯಾವ ಬೀದಿಯಲ್ಲಿ ನಿಂತು ತಲೆ ಎತ್ತಿದರೂ ಬೆಟ್ಟ. ಇಡೀ ಬೆಟ್ಟ ಒಂದೇ ಕಲ್ಲು. ಸಮುದ್ರಮಟ್ಟದಿಂದ 3,930 ಅಡಿ ಎತ್ತರ. ಏಷ್ಯಾದ ದೊಡ್ಡ ಏಕಶಿಲೆಗಳಲ್ಲಿ ಇದೂ ಒಂದು ಅಂತ ಊರಿನವರು ಬಂದವರಿಗೆಲ್ಲ ಹೇಳುತ್ತಾರೆ. ಮೈತುಂಬ ಕೋಟೆ ಗೋಡೆ, ಬಂಡೆಯಲ್ಲೇ ಕಡಿದ ಮೆಟ್ಟಿಲು. ಚಿತ್ರ ಬರೆಯುವವನಿಗೆ ಇನ್ನೇನು ಬೇಕು ಅಲ್ವಾ? ಎಷ್ಟೋ ವರ್ಷ ಆ ಬೆಟ್ಟವನ್ನೇ ಬರೆದೆ. ಬೆಳಗಿನ ಬೆಟ್ಟ, ಸಂಜೆ ಬೆಟ್ಟ, ಮೋಡ ಕವಿದ ಬೆಟ್ಟ. ಒಂದೊಂದೇ ನೋಡಿದರೆ ಚೆನ್ನಾಗಿಯೇ ಇದ್ದವು. ಸಾಲಾಗಿ ಇಟ್ಟು ನೋಡಿದರೆ ಸಹಕಾರಿ ಬ್ಯಾಂಕಿನ ಕ್ಯಾಲೆಂಡರ್.

ಒಂದೇ ಬೆಟ್ಟದ ಹಿಂದೆ ಬೀಳೋದು ಹೊಸ ಹುಚ್ಚೇನಲ್ಲ. ಜಪಾನಿನ ಹೊಕುಸಾಯ್ ಫುಜಿ ಬೆಟ್ಟದ 36 ನೋಟ ಅಂತ ಶುರು ಮಾಡಿ 46ಕ್ಕೆ ನಿಲ್ಲಿಸಿದ. ಅವನ ಚಿತ್ರಗಳಲ್ಲಿ ಬೆಟ್ಟ ಬಹಳ ಸಲ ಹಿಂದೆಲ್ಲೋ ಚಿಕ್ಕದಾಗಿ ಇರುತ್ತದೆ. ಮುಂದೆ ಜನ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತಾರೆ. ಒಂದರಲ್ಲಿ ಒಬ್ಬ ದೊಡ್ಡ ಪೀಪಾಯಿಯ ಒಳಗೆ ನಿಂತು ಅದನ್ನು ಹೆರೆಯುತ್ತಿದ್ದಾನೆ, ಪೀಪಾಯಿಯ ಬಾಯಿಯಲ್ಲಿ ದೂರದ ಫುಜಿ ಒಂದು ಕಾಳಿನಷ್ಟು ಕಾಣುತ್ತದೆ. ಫ್ರಾನ್ಸಿನ ಸೆಜಾನ್ ತನ್ನೂರಿನ ಹತ್ತಿರದ ಬೆಟ್ಟವನ್ನು 1906ರಲ್ಲಿ ಸಾಯುವವರೆಗೂ ಬರೆಯುತ್ತಲೇ ಇದ್ದ. ಬರಬರುತ್ತಾ ಅದು ಬರೀ ಬಣ್ಣದ ತೇಪೆಗಳಾಯಿತು. ನಮ್ಮ ಕೆ. ವೆಂಕಟಪ್ಪನವರು ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಅವರ ಹೆಸರಿನ ಗ್ಯಾಲರಿಯೇ ಬೆಂಗಳೂರಿನಲ್ಲಿದೆ. ಇವರೆಲ್ಲ ಒಂದನ್ನೇ ಮತ್ತೆ ಮತ್ತೆ ನೋಡಿ ಬೇರೆ ಬೇರೆ ಏನನ್ನೋ ಕಂಡವರು. ನನಗೆ ಕಾಣುತ್ತಿದ್ದದ್ದು ಬೆಟ್ಟದ ಅಂಚು ಮಾತ್ರ.

ಬೆಟ್ಟದ ಮೈಮೇಲೆ ಕಪ್ಪು ಪಟ್ಟೆಗಳಿವೆ. ಮಧುಗಿರಿ ಅಂತಲ್ಲ, ನಮ್ಮ ಕಡೆಯ ಯಾವ ಹಾಸುಬಂಡೆ ನೋಡಿದರೂ ಇರುತ್ತವೆ, ಮೇಲಿಂದ ಕೆಳಗೆ ಮಸಿ ಸುರಿದ ಹಾಗೆ. ನಾನು ಅದನ್ನು ಕೊಳೆ ಅಂದುಕೊಂಡಿದ್ದೆ. ಅದು ಜೀವ. ಮಳೆ ನೀರು ಇಳಿಯುವ ಜಾಡಿನಲ್ಲಿ ಕಲ್ಲು ಸ್ವಲ್ಪ ಜಾಸ್ತಿ ಹೊತ್ತು ತೇವವಾಗಿರುತ್ತದೆ. ಅಷ್ಟೇ ಸಾಕು, ಕಣ್ಣಿಗೆ ಕಾಣದಷ್ಟು ಸಣ್ಣ ಸಯನೋಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆಯುತ್ತವೆ, ಒಣಗಿದಾಗ ಕಪ್ಪಾಗಿ ಕಾಣುತ್ತವೆ. ಪಕ್ಕದಲ್ಲಿ ಬೂದು ಹಸಿರು ಚಕ್ಕೆಗಳಾಗಿ ಅಂಟಿಕೊಂಡಿರುವುದು ಕಲ್ಲುಹೂವು. ಮಸಾಲೆಗೆ ಹಾಕುತ್ತೇವಲ್ಲ, ಅದರದೇ ಬಳಗ. ಅಂದರೆ ಆ ಪಟ್ಟೆ ಯಾರೂ ಬರೆಯದ ಚಿತ್ರ. ಎಷ್ಟೋ ಮಳೆಗಾಲ ನೀರು ಒಂದೇ ದಾರಿಯಲ್ಲಿ ನಡೆದದ್ದರ ಗುರುತು.

ಅದನ್ನು ನಾನು ಸಣ್ಣ ಬ್ರಶ್ ಹಿಡಿದು ಉಸಿರು ಬಿಗಿಹಿಡಿದು ಬರೆಯುತ್ತಿದ್ದೆ. ಯಾವಾಗಲೂ ಸತ್ತ ಗೆರೆಯೇ ಬರುತ್ತಿತ್ತು. ಒಂದು ದಿನ ಬೇಸರವಾಗಿ ಬೋರ್ಡನ್ನು ಗೋಡೆಗೆ ಒರಗಿಸಿ, ಇದ್ದಿಲ ಪುಡಿ ಕಲಸಿದ ನೀರನ್ನು ಮೇಲಿನ ಅಂಚಿಂದ ಇಳಿಬಿಟ್ಟೆ. ಕಾಗದದ ಉಬ್ಬು ತಗ್ಗು ನೋಡಿಕೊಂಡು ನೀರು ತಾನೇ ದಾರಿ ಮಾಡಿಕೊಂಡಿತು. ಒಂದು ಕಡೆ ಕವಲಾಯಿತು, ಇನ್ನೊಂದು ಕಡೆ ಎರಡು ಸೇರಿ ಒಂದಾಯಿತು. ಒಣಗಿದ ಮೇಲೆ ನೋಡಿದರೆ ಬಂಡೆ ಮೇಲಿನದೇ ಗೆರೆ. ಬೆಟ್ಟ ಹೇಗೆ ಕಾಣುತ್ತದೆ ಅಂತ ಕೇಳುತ್ತಿದ್ದವನು ಅಲ್ಲಿಂದ ಮುಂದೆ ಹೇಗೆ ಆಯಿತು ಅಂತ ಕೇಳೋಕೆ ಶುರು ಮಾಡಿದೆ. ಈಗ ನಾನು ಮಾಡುವ ಚಿತ್ರಗಳೆಲ್ಲ ಈ ಒಂದು ಪ್ರಶ್ನೆಯಿಂದ ಬಂದವು.

ಹೇಗೆ ಆಯಿತು ಅಂತ ಕೇಳುತ್ತಾ ಹೋದರೆ ಮೊದಲು ಸಿಗುವುದು ಮಣ್ಣು. ಭೂವಿಜ್ಞಾನದವರು ನಮ್ಮ ಬೆಟ್ಟದ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ರಾಮನಗರಕ್ಕೆ ಹಿಂದೆ ಇದ್ದ ಹೆಸರು ಕ್ಲೋಸ್‌ಪೇಟೆ. ಅಲ್ಲಿಂದ ಉತ್ತರಕ್ಕೆ ಮಾಗಡಿ, ಮಧುಗಿರಿ, ಪಾವಗಡದ ಕಡೆಗೆ ಈ ಕಲ್ಲಿನ ಪಟ್ಟೆ ಹಾದುಹೋಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಒಡೆದ ಒಂದು ಚೂರು ಕೈಯಲ್ಲಿ ಹಿಡಿದು ನೋಡಿ. ನಸುಗೆಂಪು ಹರಳು ಕಾಣುತ್ತದೆ, ಅದು ಫೆಲ್ಡ್‌ಸ್ಪಾರ್. ಗಾಜಿನ ಹಾಗೆ ಮಿಣುಗುವುದು ಬೆಣಚು. ನಡುನಡುವೆ ಕಪ್ಪು ಚುಕ್ಕಿಗಳು, ಕಪ್ಪು ಜಾತಿಯ ಕಾಗೆಬಂಗಾರ.

ಬಿಸಿಲು ಮಳೆಗೆ ಈ ಮೂರೂ ಒಂದೇ ಥರ ಸವೆಯುವುದಿಲ್ಲ. ಫೆಲ್ಡ್‌ಸ್ಪಾರ್ ನಿಧಾನವಾಗಿ ಕೊಳೆತು ಜೇಡಿಮಣ್ಣಾಗುತ್ತದೆ. ಬೆಣಚು ಜಗ್ಗಲ್ಲ, ಮರಳಾಗಿ ಉಳಿಯುತ್ತದೆ. ಕಪ್ಪು ಚುಕ್ಕಿಯೊಳಗಿನ ಕಬ್ಬಿಣ ಹೊರಗೆ ಬಂದು, ಗಾಳಿ ನೀರು ತಗುಲಿ ತುಕ್ಕು ಹಿಡಿಯುತ್ತದೆ. ಆ ತುಕ್ಕೇ ನಮ್ಮ ಹೊಲದ ಕೆಂಪು. ಹಳೇ ಗೇಟಿನ ಮೇಲಿರುವ ತುಕ್ಕಿಗೂ ಕೆಮ್ಮಣ್ಣಿಗೂ ನೆಂಟಸ್ತಿಕೆ ಇದೆ ಅಂತ ಹೇಳಿದರೆ ಮಕ್ಕಳು ನಂಬುವುದಿಲ್ಲ.

ನಂಬಿಸೋಕೆ ಒಂದು ಆಟ ಇದೆ. ಬಾವಿ ತೋಡುವಾಗಲೋ ಪಾಯ ತೆಗೆಯುವಾಗಲೋ ಕೆಲವು ಕಡೆ ಹಳದಿ ಮಣ್ಣು ಸಿಗುತ್ತದೆ. ಅದನ್ನು ಪುಡಿ ಮಾಡಿ, ಬೇರೆ ಕೆಲಸಕ್ಕೆ ಬೇಡವಾದ ಕಬ್ಬಿಣದ ಕಾವಲಿ ಮೇಲೆ ಹಾಕಿ ಹುರಿಯಬೇಕು. ಮೊದಲು ಏನೂ ಆಗಲ್ಲ. ಸುಮಾರು 300 ಡಿಗ್ರಿ ಕಾವಿಗೆ ಬರುತ್ತಿದ್ದ ಹಾಗೆ ಅಂಚಿನಿಂದ ಬಣ್ಣ ತಿರುಗುತ್ತದೆ. ಹಳದಿ ಕಿತ್ತಳೆಯಾಗಿ, ಕಿತ್ತಳೆ ಇಟ್ಟಿಗೆ ಬಣ್ಣವಾಗಿ, ಕೊನೆಗೆ ಕಡುಗೆಂಪು. ಹಳದಿ ಮಣ್ಣಿನ ತುಕ್ಕಿನೊಳಗೆ ನೀರು ಸೇರಿಕೊಂಡಿರುತ್ತದೆ, ಅದರ ಹೆಸರು ಗೋಥೈಟ್. ಕಾಯಿಸಿದಾಗ ಆ ನೀರು ಬಿಟ್ಟುಹೋಗಿ ಉಳಿಯುವುದು ಹೆಮಟೈಟ್, ಅಂದರೆ ಕೆಂಪು. ಒಂದೇ ಹಿಡಿ ಮಣ್ಣಿನಲ್ಲಿ ಐದಾರು ಬಣ್ಣ, ಒಲೆಯಿಂದ ಯಾವಾಗ ಇಳಿಸುತ್ತೀರಿ ಅನ್ನೋದರ ಮೇಲೆ. ಅಂಗಡಿಯಲ್ಲಿ ಸಿಗುವ 'ಬರ್ನ್ಟ್ ಸಿಯೆನಾ' ಅನ್ನೋ ಬಣ್ಣದ ಗುಟ್ಟೂ ಇದೇ, ಸುಟ್ಟ ಹಳದಿ ಮಣ್ಣು.

ಕೆರೆ ಗೋಡಿನ ಕತೆ ಇದರ ತಿರುಗುಮುರುಗು. ಅದೂ ಬೆಟ್ಟದಿಂದಲೇ ಹರಿದು ಬಂದ ಮಣ್ಣು, ಆದರೆ ಬಣ್ಣ ಕಪ್ಪುಬೂದಿ. ನೀರಿನ ತಳದಲ್ಲಿ ಗಾಳಿ ಆಡುವುದಿಲ್ಲ, ಕೊಳೆತ ಸೊಪ್ಪು ಸದೆ ಬೇರೆ. ಅಲ್ಲಿ ಕಬ್ಬಿಣ ತನ್ನ ಕೆಂಪು ಕಳೆದುಕೊಳ್ಳುತ್ತದೆ. ಅದೇ ಗೋಡನ್ನು ಕುಂಬಾರರು ಮಡಕೆ ಮಾಡಿ ಆವಿಗೆಯಲ್ಲಿ ಸುಟ್ಟರೆ ಮತ್ತೆ ಕೆಂಪಗೆ ಹೊರಗೆ ಬರುತ್ತದೆ. ಹೊಗೆ ಕಟ್ಟಿ ಸುಟ್ಟರೆ ಕಪ್ಪು. ನನಗಿಂತ ಚೆನ್ನಾಗಿ ಬಣ್ಣ ಬಲ್ಲವರು ಅವರು. ಕಲಾವಿದ ಅಂತ ಯಾರೂ ಕರೆಯುವುದಿಲ್ಲ ಅಷ್ಟೇ.

ಮಣ್ಣು ಇದ್ದ ಮಾತ್ರಕ್ಕೆ ಬಣ್ಣ ಆಗುವುದಿಲ್ಲ. ತಂದ ಮಣ್ಣನ್ನು ಬಕೆಟ್ ನೀರಿನಲ್ಲಿ ಕದಡಬೇಕು. ಮರಳು ತಕ್ಷಣ ತಳ ಹಿಡಿಯುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯೆಲ್ಲ ಬಿಡಬೇಕು. ಬೆಳಿಗ್ಗೆ ತಿಳಿನೀರು ಚೆಲ್ಲಿದರೆ ಅಡಿಯಲ್ಲಿ ದೋಸೆ ಹಿಟ್ಟಿನಷ್ಟು ನುಣ್ಣನೆಯ ಮಣ್ಣು. ಹೀಗೆ ಮೂರ್ನಾಲ್ಕು ಸಲ. ಅದನ್ನು ಒಣಗಿಸಿ, ಜಾಲಿ ಮರದ ಅಂಟನ್ನು ನೀರಲ್ಲಿ ನೆನೆಸಿ ಸೋಸಿ ಅದರ ಜೊತೆ ಅರೆಯಬೇಕು. ನಾನು ಗಾಜಿನ ಹಲಗೆ ಮೇಲೆ ಅರೆಯುತ್ತೇನೆ. ಅರೆಯುತ್ತಾ ಅರೆಯುತ್ತಾ ಗರಗರ ಸದ್ದು ಕಡಿಮೆಯಾಗಿ, ಆಮೇಲೆ ನಿಂತೇಹೋಗುತ್ತದೆ. ಸದ್ದು ನಿಂತರೆ ಆಯಿತು ಅಂತ ಲೆಕ್ಕ. ಬಣ್ಣ ಬಿರುಸಾಗದಿರಲಿ ಅಂತ ಎರಡು ಹನಿ ಜೇನು, ಬೂಷ್ಟು ಹಿಡಿಯದಿರಲಿ ಅಂತ ಒಂದು ಹನಿ ಲವಂಗದ ಎಣ್ಣೆ. ಲವಂಗದ ಎಣ್ಣೆ ಮರೆತು ಒಂದು ಬೇಸಿಗೆ ರಜೆಯ ಕೆಲಸವೆಲ್ಲ ಬೂಷ್ಟು ತಿಂದುಕೊಂಡಿತು. ಬಾಟಲಿ ಮುಚ್ಚಳ ತೆಗೆದರೆ ಸತ್ತ ಇಲಿ ವಾಸನೆ.

ಅಂಟಿನ ಅಳತೆಯೇ ಕಷ್ಟದ ಭಾಗ. ಕಡಿಮೆಯಾದರೆ ಒಣಗಿದ ಮೇಲೆ ಮುಟ್ಟಿದವರ ಕೈಗೆಲ್ಲ ಬಣ್ಣ. ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ನನ್ನ ಚಿತ್ರದ ಕೆಳಗೆ ದಿನಾ ಸಂಜೆ ಕೆಂಪು ಪುಡಿ ಬಿದ್ದಿರುತ್ತಿತ್ತು. ಗುಡಿಸಲು ಬರುತ್ತಿದ್ದಾಕೆ, 'ಅಣ್ಣಾ, ನಿಮ್ ಚಿತ್ರ ದಿನಾ ಇಷ್ಟಿಷ್ಟೇ ಕಮ್ಮಿ ಆಗ್ತೈತೆ' ಅಂದಳು. ಆ ಪ್ರದರ್ಶನದ ಬಗ್ಗೆ ಬಂದ ವಿಮರ್ಶೆಗಳಲ್ಲಿ ನನಗೆ ನೆನಪಿರುವುದು ಅದೊಂದೇ.

ಅಂಟು ಹೆಚ್ಚಾದರೆ ಬಿರುಕು. ಅದೂ ಆಯಿತು. ದಪ್ಪಗೆ ಬಳಿದ ಗೋಡು ಮಣ್ಣು ಒಂದೇ ರಾತ್ರಿಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಒಡೆದುಕೊಂಡಿತ್ತು. ಎಸೆಯಲು ಹೊರಟವನು ಹಾಗೇ ನಿಂತೆ. ಬೇಸಿಗೆಯಲ್ಲಿ ಕೆರೆ ಅಂಗಳ ಹೀಗೇ ತಾನೆ ಇರುತ್ತದೆ! ಎರಡಕ್ಕೂ ಕಾರಣ ಒಂದೇ. ನೀರು ಆರಿದಾಗ ಮಣ್ಣು ಕುಗ್ಗುತ್ತದೆ, ತಳ ಕುಗ್ಗುವುದಿಲ್ಲ. ಆ ಎಳೆದಾಟ ತಾಳದೆ ಮೇಲ್ಪದರ ಬಿಡುತ್ತದೆ. ಪದರ ದಪ್ಪ ಇದ್ದಷ್ಟೂ ಬಿಲ್ಲೆ ದೊಡ್ಡದು. ಮೊದಲ ಬಿರುಕಿಗೆ ಎರಡನೆಯದು ಬಂದು ಹೆಚ್ಚು ಕಡಿಮೆ ನೇರ ಮೂಲೆಯಲ್ಲಿ ಸೇರುತ್ತದೆ. ಮತ್ತೆ ನೆನೆದು ಮತ್ತೆ ಒಣಗಿದರೆ, ಹಾಗೆ ಹಲವು ಸಲ ಆದರೆ, ಮೂಲೆಗಳು ಬದಲಾಗುತ್ತಾ ಜೇನುಗೂಡಿನ ಆರು ಮೂಲೆಯ ಕಡೆಗೆ ತಿರುಗುತ್ತವೆ. ಕೆರೆ ಅಂಗಳದ ಬಿರುಕು ನೋಡಿಯೇ ಅದು ಒಂದೇ ಸಲ ಒಣಗಿದ್ದೋ, ಹಲವು ಸಲ ನೆನೆದು ಒಣಗಿದ್ದೋ ಒಂದು ಅಂದಾಜು ಸಿಗುತ್ತದೆ.

ಈಗ ನಾನು ಬೇಕೆಂದೇ ಬಿರುಕು ಬಿಡಿಸುತ್ತೇನೆ. ಎಲ್ಲಿ ದಪ್ಪ, ಎಲ್ಲಿ ತೆಳು ಅನ್ನೋದು ನನ್ನ ಕೈಲಿದೆ. ಗೆರೆ ಎಲ್ಲಿ ಬೀಳುತ್ತದೆ ಅನ್ನೋದು ಅಲ್ಲ. ಮಕ್ಕಳು 'ಹಾಗಾದ್ರೆ ಸಾರ್, ಚಿತ್ರ ಬರೆದಿದ್ದು ನೀವಾ, ಮಣ್ಣಾ?' ಅಂತ ಕೇಳುತ್ತಾರೆ. ಒಳ್ಳೇ ಪ್ರಶ್ನೆ. ರಾಗಿ ಬೆಳೆದವರು ರೈತರಾ, ಮಳೆಯಾ ಅಂತ ಕೇಳಿದ ಹಾಗೆ.

ಮಣ್ಣಿನ ಬಣ್ಣದಲ್ಲಿ ಒಂದು ದೊಡ್ಡ ಕೊರತೆ ಇದೆ. ನಮ್ಮ ಮಣ್ಣಿನಲ್ಲಿ ನೀಲಿ ಇಲ್ಲ. ಆಕಾಶ ಬರೆಯೋದು ಹೇಗೆ? ಮಧುಗಿರಿಯಿಂದ ಹಿಂದೂಪುರ ದಾಟಿದರೆ ಲೇಪಾಕ್ಷಿ. 1530ರ ಆಸುಪಾಸಿನಲ್ಲಿ ಕಟ್ಟಿದ ವೀರಭದ್ರ ದೇವಸ್ಥಾನದ ಚಾವಣಿ ತುಂಬ ವಿಜಯನಗರ ಕಾಲದ ಚಿತ್ರಗಳು. ಕೆಮ್ಮಣ್ಣು, ಹಳದಿ ಮಣ್ಣು, ಸುಣ್ಣ, ಕಾಡಿಗೆ, ಸ್ವಲ್ಪ ಹಸಿರು. ನೀಲಿ ಹುಡುಕಿದರೂ ಸಿಗುವುದು ಅಪರೂಪ. ಅದರ ಕೊರತೆ ನಮಗೆ ಕಾಣುವುದೂ ಇಲ್ಲ. ಕಪ್ಪು ಅಂಚು ಕಟ್ಟಿದ ಆಕೃತಿಗಳು ಕೆಂಪಿನ ಮೇಲೆ ಎದ್ದು ನಿಲ್ಲುತ್ತವೆ. ನಮ್ಮ ಜಿಲ್ಲೆಯಲ್ಲೇ ತುಮಕೂರಿನಿಂದ ಸಿರಾಕ್ಕೆ ಹೋಗುವ ಹೆದ್ದಾರಿ ಪಕ್ಕ ಸೀಬಿ ನರಸಿಂಹಸ್ವಾಮಿ ದೇವಸ್ಥಾನ ಇದೆ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದಲೇ ಕೈ ಮುಗಿದು ಮುಂದೆ ಹೋಗುತ್ತಾರೆ. ಒಂದು ಸಲ ಇಳಿದು ಒಳಗೆ ತಲೆ ಎತ್ತಿ ನೋಡಿ. ಪುರಾಣದ ಕತೆ, ದರ್ಬಾರು, ಚಾವಣಿಯೇ ಚಿತ್ರ. ಅದು ಲೇಪಾಕ್ಷಿಗಿಂತ ಸುಮಾರು ಎರಡೂವರೆ ಶತಮಾನ ಈಚಿನದು.

ಮಣ್ಣಿನ ಬಣ್ಣ ಇಷ್ಟು ಕಾಲ ಯಾಕೆ ಬಾಳುತ್ತದೆ ಅಂದರೆ, ಅದು ಆಗಲೇ ತುಕ್ಕು. ಬಿಸಿಲು ಅದಕ್ಕೆ ಇನ್ನೇನೂ ಮಾಡಲಾರದು. ಅರಿಸಿನದ ಹಳದಿ ಕಿಟಕಿ ಬಳಿ ಇಟ್ಟು ನೋಡಿ, ಬೇಗನೆ ಮಾಸುತ್ತದೆ.

ನೀಲಿಗೆ ಒಂದು ಉಪಾಯ ಇದೆ. ಇದ್ದಿಲ ಪುಡಿಯನ್ನು ಬಿಳಿ ಸುಣ್ಣದ ಜೊತೆ ಕಲಸಿದರೆ ಬೂದಿ ಬಣ್ಣ ಬರುತ್ತದೆ. ಬರೀ ಅದನ್ನೇ ನೋಡಿದರೆ ಬೂದಿಯೇ. ಅದರ ಸುತ್ತ ಕೆಮ್ಮಣ್ಣು ಬಳಿದು ದೂರ ನಿಂತು ನೋಡಿ, ಬೂದಿ ತಣ್ಣಗೆ ನೀಲಿಗೆ ವಾಲುತ್ತದೆ. ಕಣ್ಣಿನ ಗುಣ ಅದು. ಒಂದು ಬಣ್ಣ ಜೋರಾಗಿದ್ದರೆ ಪಕ್ಕದ ಸಪ್ಪೆ ಬಣ್ಣವನ್ನು ಎದುರು ದಿಕ್ಕಿಗೆ ತಳ್ಳಿ ತೋರಿಸುತ್ತದೆ. ನನ್ನ ಚಿತ್ರದಲ್ಲಿ ನೀಲಿ ಕಂಡಿತು ಅಂತ ಹೇಳಿದವರಿಗೆಲ್ಲ ನಾನು ಬೆರಳು ಅಡ್ಡ ಇಟ್ಟು ಕೆಂಪನ್ನು ಮರೆಮಾಡಿ ತೋರಿಸುತ್ತೇನೆ. ಬೂದಿ! ನಗುತ್ತಾರೆ.

ಇಷ್ಟು ಪ್ರಕೃತಿಯ ಮಾತಾಯಿತು. 'ಮನುಷ್ಯನ ಅನುಭವ' ಎಲ್ಲಿ ಬಂತು? ಮನುಷ್ಯರ ಮುಖ ಬರೆದರೆ ತಾನೆ ಅನುಭವ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಬರ, ವಲಸೆ, ಖಾಲಿ ಕೊಡ ಹಿಡಿದ ಹೆಂಗಸರು, ಎಲ್ಲ ಬರೆದೆ. ಸುಳ್ಳೇನಲ್ಲ, ಆದರೆ ಅವು ಪೇಪರಿನ ಫೋಟೋ ನೋಡಿ ಬರೆದ ಚಿತ್ರಗಳು.

ನಮ್ಮಜ್ಜಿ ಹಬ್ಬ ಬಂತು ಅಂದರೆ ಮನೆಗೆ ಸಾರಣೆ ಕಾರಣೆ ಮಾಡುತ್ತಿದ್ದರು. ನೆಲಕ್ಕೆ ಸಗಣಿ ಸಾರಣೆ, ಗೋಡೆ ಬುಡಕ್ಕೂ ಹೊಸ್ತಿಲಿಗೂ ಕೆಮ್ಮಣ್ಣಿನ ಕಾರಣೆ. ಕುಕ್ಕರಗಾಲಲ್ಲಿ ಕೂತು, ಬಲಗೈಯಲ್ಲಿ ಹಳೇ ಬಟ್ಟೆ ಹಿಡಿದು, ಹಿಂದಕ್ಕೆ ಸರಿಯುತ್ತಾ ಸಾರಿಸುತ್ತಿದ್ದರು. ಒಂದೊಂದು ಬೀಸಿಗೂ ಒಂದೊಂದು ಅರ್ಧಚಂದ್ರ. ಒಣಗಿದ ಮೇಲೆ ನೆಲದ ತುಂಬ ಮೀನಿನ ಪೊರೆ ಹಾಗೆ ಆ ಕಮಾನುಗಳು. ಕಮಾನಿನ ಅಗಲ ಅಜ್ಜಿಯ ತೋಳಿನ ಉದ್ದ. ಚಿಕ್ಕಮ್ಮ ಸಾರಿಸಿದರೆ ಬೇರೆ ಥರ ಇರುತ್ತಿತ್ತು, ಅವರದು ಗಿಡ್ಡ ತೋಳು, ಅವಸರದ ಕೈ. ಒಳಗೆ ಬರುತ್ತಿದ್ದ ಹಾಗೆ ಇವತ್ತು ಯಾರು ಸಾರಿಸಿದರು ಅಂತ ನಮಗೆ ಗೊತ್ತಾಗುತ್ತಿತ್ತು.

ಒಂದು ದಿನ ದೊಡ್ಡ ಬೋರ್ಡನ್ನು ನೆಲದ ಮೇಲೆ ಹಾಕಿ, ಬ್ರಶ್ ಬಿಟ್ಟು ಬಟ್ಟೆಯಲ್ಲಿ ಮಣ್ಣು ಬಳಿದೆ. ಯೋಚಿಸಿ ಮಾಡಿದ್ದಲ್ಲ. ಬ್ರಶ್ ತೊಳೆಯಲು ಸೋಮಾರಿತನ. ಕೂತ ಭಂಗಿಗೆ ಕೈ ತಾನಾಗಿ ಅರ್ಧಚಂದ್ರ ಬೀಸಿತು. ಆ ಚಿತ್ರ ಊರಿನಲ್ಲೇ ಒಂದು ಕಾರ್ಯಕ್ರಮದಲ್ಲಿ ಇಟ್ಟಿದ್ದೆವು. ಮೊಮ್ಮಗಳ ಡ್ಯಾನ್ಸ್ ನೋಡಲು ಬಂದಿದ್ದ ಒಬ್ಬ ಅಜ್ಜಿ ಅದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಕರೆದು, 'ಇದು ಸಾರ್ಸಿರೋ ನೆಲ ಅಲ್ವೇನಪ್ಪಾ? ಎಡಗೈಯವರು ಸಾರ್ಸವ್ರೆ' ಅಂದರು. ನಾನು ಎಡಚ. ಕಮಾನು ಯಾವ ಕಡೆ ತಿರುಗಿದೆ ಅನ್ನೋದರಲ್ಲೇ ಅವರಿಗೆ ಗೊತ್ತಾಗಿತ್ತು. ಆ ಬೋರ್ಡಿನ ಮೇಲೆ ಒಬ್ಬ ಮನುಷ್ಯನ ಚಿತ್ರವೂ ಇರಲಿಲ್ಲ. ಆದರೂ ಒಬ್ಬ ಮನುಷ್ಯ ಇದ್ದ. ಅವನ ಮೈಕಟ್ಟು, ಕೂತ ರೀತಿ, ಯಾವ ಕೈ ರೂಢಿ ಅನ್ನೋದು ಎಲ್ಲ ಅಲ್ಲಿತ್ತು.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ, ಎಲ್ಲರೂ ಕೇಳುತ್ತಾರೆ. 'ಮಣ್ಣಿಗೆ ಇಷ್ಟಾ?' ಅನ್ನೋದು ಮಾಮೂಲಿ. ಮಣ್ಣು ಬಿಟ್ಟಿ, ಖರ್ಚೆಲ್ಲ ಬೋರ್ಡು, ಗಾಜು, ಫ್ರೇಮಿನದು. ನೀರು ತಗುಲಿದರೆ ಈ ಚಿತ್ರ ಕರಗುತ್ತದೆ, ಅದಕ್ಕೇ ಗಾಜು ಬೇಕು. ಗಾಜಿಗೂ ಚಿತ್ರಕ್ಕೂ ನಡುವೆ ಬೆರಳಿನಷ್ಟು ಜಾಗವೂ ಬೇಕು.

ಶಾಲೆಯಲ್ಲಿ ಈಗ ಪ್ರತಿ ವರ್ಷ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮೂರಿಂದ ಒಂದು ಹಿಡಿ ಮಣ್ಣು ತನ್ನಿ, ಸೋಸಿ ಬಾಟಲಿಗೆ ಹಾಕಿ, ಎಲ್ಲಿಂದ ತಂದದ್ದು ಅಂತ ಚೀಟಿ ಅಂಟಿಸಿ. ಕಿಟಕಿ ಕಟ್ಟೆ ಮೇಲೆ ಸಾಲಾಗಿ ನಿಂತಿವೆ. ಕೊರಟಗೆರೆ ಕಡೆಯದು ಕೇಸರಿಗೆ ಹತ್ತಿರ, ಪಾವಗಡ ಕಡೆಯ ಎರೆಮಣ್ಣು ಕಪ್ಪು, ಒಂದು ಬಾಟಲಿಯಲ್ಲಿ ಹಳೇ ಮನೆ ಗೋಡೆಯಿಂದ ಕೆರೆದ ಬಿಳಿ ಸುದ್ದೆ. 'ಗಣಪತಿ ಬಿಡೋ ಬಾವಿ ಹತ್ರ', 'ನಮ್ಮ ಎಮ್ಮೆ ಕಟ್ಟೋ ಜಾಗ' ಅಂತೆಲ್ಲ ಚೀಟಿ. ಏಳನೇ ಕ್ಲಾಸಿನ ಒಬ್ಬ ಹುಡುಗ ತಂದದ್ದು ಒಳ್ಳೇ ಇಟ್ಟಿಗೆ ಕೆಂಪು. ಇನ್ನೊಂದು ಹಿಡಿ ತಂದುಕೊಡೋ ಅಂದೆ. ಆಗಲ್ಲ ಸಾರ್ ಅಂದ. ಆಗ ಚೀಟಿ ತಿರುಗಿಸಿ ಓದಿದೆ: 'ನಮ್ಮ ತಾತನ ಹೊಲ. ಈಗ ಲೇಔಟ್.' ಆ ಬಾಟಲಿಯಿಂದ ಇನ್ನೂ ಬಣ್ಣ ತೆಗೆದಿಲ್ಲ.